ಕುರಿಬಣ್ಣದ ರಸ್ತೆ

ಲಾರಿ ಓಡಿಸುತ್ತಿದ್ದ ತಮ್ಮ ಸೊಂಟ ಹಿಡಿದುಕೊಂಡು ಅಕ್ಕನ ಕುರಿ ಫಾರಂಗೆ ಬಂದು ಕೂತಾಗ, ಇವನಿಗಿಂತ ಮಂದೆಯೇ ವಾಸಿ ಎನ್ನಿಸಿಬಿಟ್ಟಿತ್ತು ಅವಳಿಗೆ. ಇನ್ನು ಸ್ಟೀರಿಂಗ್ ಮುಟ್ಟಬೇಡ ಎಂದಿದ್ದರು ಡಾಕ್ಟರು. ಆಸಾಮಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಅಡ್ಡ ಬಂದ ಕುರಿಗಳಿಗೆಲ್ಲ ಹಾರನ್ ಹೊಡೆದಂತೆ ಗದರುತ್ತಿದ್ದ.

ಅಕ್ಕ ಉಣ್ಣೆಯಿಂದ ಫೆಲ್ಟ್ ಹಾಸು ಮಾಡುತ್ತಿದ್ದಳು. ಅದಕ್ಕೆ ಮಗ್ಗ ಬೇಡ, ಹೆಣಿಗೆ ಬೇಡ. ಹಿಂಜಿದ ಉಣ್ಣೆಯನ್ನು ಪದರ ಪದರವಾಗಿ ಹಾಸಿ, ಬಿಸಿ ಸೋಪಿನ ನೀರು ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿ, ಎಳೆಗಳು ಒಂದನ್ನೊಂದು ಕಚ್ಚಿಕೊಳ್ಳುವವರೆಗೆ ಉರುಳಿಸಬೇಕು. ಒಂದು ದಿನ ತೋಳು ಸೋತು ಹೇಳಿದಳು: "ಕುರಿ ಬೈಯೋ ಬದಲು ಬಂದು ಇದನ್ನ ಉರುಳ್ಸೋ."

ಬಂದ, ಉರುಳಿಸಿದ. ಮಾರನೇ ದಿನ ಕರೆಯದೇ ಬಂದು ಕೇಳಿದ: "ಅಕ್ಕ, ಇದರಲ್ಲೊಂದು ರಸ್ತೆ ಹಾಕ್ಲಾ?"

"ಹಾಕೋ, ಟೋಲ್ ಕೇಳ್ಬೇಡ ಅಷ್ಟೇ."

ಉಣ್ಣೆಯಲ್ಲಿ ನೆಟ್ಟಗೆ ಹಾಸಿದ್ದ ರಸ್ತೆ ನೀರು ಕುಡಿದು, ಕುಗ್ಗಿ, ಹಾವಿನಂತೆ ಸುರುಳಿಯಾಯಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ನಗಲಿಲ್ಲ. ತೆಳ್ಳಗಿದ್ದ ಕಡೆಯನ್ನು ದಪ್ಪ ಪದರ ಎಳೆದುಕೊಂಡಿದೆ ಎಂದು ಬೆರಳಾಡಿಸಿ ಪತ್ತೆ ಹಚ್ಚಿದ. ಮುಂದಿನ ಹಾಸುಗಳಲ್ಲಿ ಮಂಜಿಗೆ ಬೂದು ಉಣ್ಣೆ, ಉತ್ತ ಹೊಲಕ್ಕೆ ಕಂದು, ರಸ್ತೆಗೆ ಕಪ್ಪು. "ಬಣ್ಣ ಹಾಕೋದ್ಯಾಕೆ? ಹಾಕ್ಕೊಂಡೇ ಹುಟ್ಟಿವೆಯಲ್ಲ ಈ ಕುರಿಗಳು!" ಎಂದ.

ಹಾಸು ಕೊಳ್ಳಲು ಬಂದ ಲೈಬ್ರರಿಯ ಮೇಡಂ ತಮ್ಮನ ಹಾಸುಗಳನ್ನು ನೋಡಿ ಅಲ್ಲೇ ನಿಂತರು. ಓದುವ ಕೋಣೆಯ ಗೋಡೆಗೆ ದೊಡ್ಡದೊಂದು ಬೇಕೆಂದರು.

ದೊಡ್ಡಿಯ ನೆಲದ ತುಂಬ ಒಣ ಉಣ್ಣೆ ಹಾಸುತ್ತ ಹೋದವನಿಗೆ ಅರ್ಧ ರಸ್ತೆಗೇ ಕಪ್ಪು ಮುಗಿಯಿತು. ಆ ಕಪ್ಪು ಇದ್ದದ್ದು 'ಕಾಡಿಗೆ' ಎಂಬ ಒಂದೇ ಕುರಿಯ ಮೈಯಲ್ಲಿ. ಅದರ ಉಣ್ಣೆ ಆಗಲೇ ಕತ್ತರಿಸಿಯಾಗಿತ್ತು.

"ಬಿಳೀದನ್ನೇ ಬಣ್ಣಕ್ಕೆ ಅದ್ದಿದ್ರೆ ಆಯ್ತಪ್ಪ," ಎಂದಳು ಅಕ್ಕ.

"ಡಬ್ಬಿ ಕಪ್ಪು ಸತ್ತಂಗಿರುತ್ತೆ ಅಕ್ಕ. ಕಾಡಿಗೆ ಮೈಯಲ್ಲಿ ಒಂಚೂರು ಕೆಂಪಿದೆ ನೋಡು. ಬೆಳಗಿನ ಜಾವ ಟಾರು ಹಂಗೇ ಕಾಣೋದು."

ಲೋಡು ತಡ ಮಾಡಿ ಗೊತ್ತಿಲ್ಲದವನು ಲೈಬ್ರರಿಗೆ ಫೋನ್ ಮಾಡಿ, "ಕುರಿ ಬೆಳೀಬೇಕು ಮೇಡಂ," ಎಂದ. ಅವರು ನಕ್ಕು ಒಪ್ಪಿದರು. ಹಾಸಿದ್ದನ್ನು ಮುಚ್ಚಿಟ್ಟು ತಿಂಗಳುಗಟ್ಟಲೆ ಕಾಡಿಗೆಯ ಹಿಂದೆ ತಿರುಗಿದ. ಮೈಗಂಟಿದ ಮುಳ್ಳು ಕಿತ್ತ, ಒದ್ದೆ ನೆಲದಲ್ಲಿ ಮಲಗದಂತೆ ಕಾದ. "ನನ್ನನ್ನ ಇಷ್ಟು ಚೆನ್ನಾಗಿ ನೋಡ್ಕೊಂಡಿದ್ರೆ ನಾನೂ ಉಣ್ಣೆ ಕೊಡ್ತಿದ್ದೆ," ಎಂದು ಅಕ್ಕ ಛೇಡಿಸಿದಳು.

ಕಡೆಗೂ ಕಾಡಿಗೆಯ ಉಣ್ಣೆ ಬಂತು, ರಸ್ತೆ ಪೂರ್ತಿಯಾಯಿತು. ನೀರು ಚಿಮುಕಿಸಿ ಸುತ್ತಿದ ಅಷ್ಟು ದಪ್ಪ ಸುರುಳಿ ಕೈಗೆ ಬಗ್ಗಲಿಲ್ಲ. ಅಕ್ಕ ತಮ್ಮ ಗೋಡೆಗೊರಗಿ ಪಕ್ಕಪಕ್ಕ ಕೂತು ಕಾಲಲ್ಲೇ ಉರುಳಿಸಿದರು. ಚಿಕ್ಕಂದಿನಲ್ಲಿ ಒಬ್ಬರನ್ನೊಬ್ಬರು ಒದ್ದದ್ದಕ್ಕಿಂತ ಹೆಚ್ಚೇ ಅದನ್ನು ಒದ್ದರು. ಅಕ್ಕ ಎರಡು ಸಲ ಕೈಚೆಲ್ಲಿದಳು, ಅವನು ಒಮ್ಮೆಯೂ ಇಲ್ಲ.

ಗೋಡೆಗೆ ಏರಿಸಿದ ದಿನ ಪೇಪರ್ ಓದುತ್ತಿದ್ದ ಮುದುಕರೊಬ್ಬರು ಎದ್ದುಬಂದು ಅಂಗೈ ಒತ್ತಿ ನೋಡಿದರು. ಮೇಡಂ, "ಅಯ್ಯೋ, ಮುಟ್ಬೇಡಿ!" ಎಂದರು.

"ಮುಟ್ಲಿ ಬಿಡಿ ಮೇಡಂ," ಎಂದ ತಮ್ಮ. "ಕುರಿ ಮೈಮೇಲೇ ಮಳೆ ಬಿಸಿಲು ಎಲ್ಲ ತಡ್ಕೊಂಡು ಬಂದಿದೆ."

ಅಕ್ಕ ದೂರ ನಿಂತು ನೋಡಿದಳು. ಮಂಜು, ಹೊಲ, ಇನ್ನೂ ಬೆಳಕು ಹರಿಯದ ರಸ್ತೆ. ಅವನ ಬದುಕೆಂದರೆ ಡೀಸೆಲ್ಲು ಧೂಳು ಅಷ್ಟೇ ಎಂದುಕೊಂಡಿದ್ದಳು ಅವಳು.

"ಇಷ್ಟು ವರ್ಷ ಇದನ್ನೆಲ್ಲ ಒಬ್ಬನೇ ನೋಡ್ತಿದ್ಯೇನೋ?"

"ಹೂಂ ಅಕ್ಕ. ಹೇಳಕ್ಕೆ ಬರ್ತಿರ್ಲಿಲ್ಲ."