ಸ್ಕೋರ್ ಟೇಬಲ್ಲಿನ ಆಂಟಿ ಕೇಳಿದ ಪ್ರಶ್ನೆ

ಆಂಟಿಯ ಬಲಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಎಂದೂ ಸೇರುತ್ತಿರಲಿಲ್ಲ. ನಡುಗಂಟಿನಲ್ಲಿ ಮುರಿದು, ಸೊಟ್ಟಗೆ ಕೂಡಿಕೊಂಡು, ಹೊರಗೆ ಮುಖ ಮಾಡಿ ನಿಂತಿತ್ತು. ಪೆನ್ನು ಹಿಡಿದರೂ ಅದೊಂದು ಆಚೆಗೇ, ಕಾಫಿ ಲೋಟ ಹಿಡಿದರೂ ಆಚೆಗೇ. ಪ್ರತಿ ಶನಿವಾರ ಪರ್ತ್‌ನ ನಮ್ಮ ವಿಲೆಟನ್ ಬಡಾವಣೆಯ ಮಕ್ಕಳು ಬಾಸ್ಕೆಟ್‌ಬಾಲ್ ಆಡುವಾಗ ಅಂಕಣದ ಅಂಚಿನ ಮೇಜಿನ ಹಿಂದೆ ಆ ಬೆರಳು ಕಾಣಿಸುತ್ತಿತ್ತು. ಆಂಟಿ ಸ್ಕೋರು ಬರೆಯುತ್ತಿದ್ದರು, ಸಂಬಳವಿಲ್ಲದೆ, ಹನ್ನೊಂದು ವರ್ಷ.

ಬೇರೆ ಮೇಜುಗಳಲ್ಲೆಲ್ಲ ಐಪ್ಯಾಡ್ ಬಂದ ಮೇಲೂ ಅವರು ಪಕ್ಕದಲ್ಲಿ ಕಾಗದದ ಹಾಳೆ ಇಟ್ಟುಕೊಂಡೇ ಇದ್ದರು. ಸ್ಕೋರು ಬರೆಯುವವರು ಯಾರ ಪರವಾಗಿಯೂ ಚಪ್ಪಾಳೆ ತಟ್ಟಬಾರದು ಎಂಬ ನಿಯಮವನ್ನು ಸ್ವಂತ ಮೊಮ್ಮಗಳು ಆಡುವಾಗಲೂ ಮುರಿದವರಲ್ಲ. ಒಮ್ಮೆ ನನ್ನ ಗಂಡ ಬೆಂಚಿನಿಂದ ಮೂರು ಬೆರಳು ಎತ್ತಿ, "ಆಂಟಿ, ಅದು ತ್ರೀ ಪಾಯಿಂಟರ್, ಎರಡು ಬರ್ಕೊಂಡ್ಬಿಟ್ರಲ್ಲ!" ಎಂದು ಕೂಗಿದರು. ಆಂಟಿ ತಲೆ ಎತ್ತದೆ, "ರೆಫ್ರಿಯ ಬೆರಳು ನೋಡ್ಲಿಕ್ಕೆ ನಾನು ಕೂತದ್ದು. ನಿಮ್ಮ ಬೆರಳು ನಿಮ್ಮ ಹತ್ರವೇ ಇರ್ಲಿ" ಎಂದರು. ಆಟ ಮುಗಿದ ಮೇಲೆ ಡಬ್ಬಿ ತೆಗೆದು, ಖಾರದ ಹೂರಣ ತುಂಬಿ ಕರಿದ ತಮ್ಮೂರಿನ ಬಿಸ್ಕೂಟ್ ರೊಟ್ಟಿ ಹಂಚುತ್ತಿದ್ದರು. ಮೊದಲು ಸೋತವರಿಗೆ. ಗೆದ್ದವರು ಗೊಣಗಿದರೆ, "ನಿಮಗೆ ಗೆದ್ದದ್ದುಂಟಲ್ಲ, ಮತ್ತೆ ರೊಟ್ಟಿ ಎಂತಕ್ಕೆ?" ಎನ್ನುತ್ತಿದ್ದರು.

ಮಂಗಳೂರಿನ ಕಡೆಯ ಕ್ರೈಸ್ತರು. ಕಾಲೇಜಿನಲ್ಲಿ ಥ್ರೋಬಾಲ್ ಆಡಿ ಹೆಸರು ಮಾಡಿದವರು. ಆ ಬೆರಳು ಅಲ್ಲಿಯದೇ. ಆಟದ ಕೋಟಾದಲ್ಲಿ ಒಂದು ಬ್ಯಾಂಕಿನ ತಂಡ ಕರೆಯಿತೆಂದು ಬಿ.ಎ. ಅರ್ಧಕ್ಕೆ ಬಿಟ್ಟು ಹೋದರು. ಕೆಲಸ ಖಾಯಂ ಆಗುವ ಮೊದಲೇ ಬ್ಯಾಂಕು ತಂಡವನ್ನು ಮುಚ್ಚಿತು. ಮದುವೆಯಾಗಿ, ಎರಡು ಮಕ್ಕಳಾದ ಮೇಲೆ, ತಮಗಿಂತ ಹನ್ನೆರಡು ವರ್ಷ ಚಿಕ್ಕವರ ಜೊತೆ ಪರೀಕ್ಷಾ ಹಾಲಿನಲ್ಲಿ ಕೂತು ಡಿಗ್ರಿ ಮುಗಿಸಿದರು. ಆಮೇಲೆ ಮಸ್ಕತ್ತಿನಲ್ಲಿ ಪಿ.ಟಿ. ಟೀಚರ್, ಆಮೇಲೆ ಪರ್ತ್‌ನಲ್ಲಿ ಮಗಳ ಮನೆ. ಇದನ್ನೆಲ್ಲ ಅವರು ಒಂದೇ ಸಲ ಹೇಳಿದ್ದು, ಅದೂ ನಾನು ಕೆದಕಿ ಕೇಳಿದಾಗ. ಕೇಳಿಸಿಕೊಂಡೆ. ತಲೆಗೆ ಹಾಕಿಕೊಳ್ಳಲಿಲ್ಲ.

ನನ್ನ ಮಗಳು ಹದಿನಾರಕ್ಕೇ ಆರಡಿ ದಾಟಿದ್ದಳು. ರಾಜ್ಯದ ಜೂನಿಯರ್ ತಂಡಕ್ಕೆ ಆಯ್ಕೆಯಾದ ಮೇಲೆ ನಮಗೆ ಏಜೆಂಟರ ಫೋನುಗಳು ಶುರುವಾದವು. ಅಮೆರಿಕದ ಕಾಲೇಜುಗಳಲ್ಲಿ ಆಡುವ ಮಕ್ಕಳಿಗೆ ಈಗ ಜಾಹೀರಾತಿನ ಹಣ ಸಿಗುತ್ತದೆ. ಶೂ ಕಂಪನಿಯವರು, ಜ್ಯೂಸ್ ಕಂಪನಿಯವರು, ಆ ಊರಿನ ಕಾರು ಮಾರುವವನು, ಯಾರು ಬೇಕಾದರೂ ಆ ಮಕ್ಕಳ ಮುಖ ಬಳಸಿಕೊಂಡು ದುಡ್ಡು ಕೊಡಬಹುದು. ಹಾಗಾಗಿ ಎಷ್ಟು ಬೇಗ ಹೋದರೆ ಅಷ್ಟು ಲಾಭ ಎಂಬುದು ಮನೆಗೇ ಬಂದ ಒಬ್ಬ ಏಜೆಂಟನ ಲೆಕ್ಕ. ಹನ್ನೆರಡನೆಯ ತರಗತಿಯನ್ನು ಮಧ್ಯದಲ್ಲಿ ಬಿಟ್ಟು ಬರಲಿ, ಅಲ್ಲಿಯ ಒಂದು ಖಾಸಗಿ ಶಾಲೆ ನಾಲ್ಕೇ ತಿಂಗಳಲ್ಲಿ ಸರ್ಟಿಫಿಕೇಟ್ ಕೊಡುತ್ತದೆ, ಜನವರಿಗೆ ಕಾಲೇಜು ಎಂದ. ಮಕ್ಕಳನ್ನು ಪಾಠದ ಮೇಜಿನಿಂದ ಎಬ್ಬಿಸಿಕೊಂಡು ಹೋಗಲು ಬಂದವನಿಗೆ ನಾವು ಕುರ್ಚಿ ಹಾಕಿ ಕೂರಿಸಿ ಕಾಫಿ ಕೊಟ್ಟೆವು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಒಂದು ಭಾನುವಾರ ಸಮುದಾಯ ಭವನದಲ್ಲಿ ಅವನ ಸಭೆ. ಹೆಚ್ಚಿನವರು ನಮ್ಮವರೇ, ಬೆಂಗಳೂರು ಮೈಸೂರಿನವರು. ಪರದೆಯ ಮೇಲೆ ಅಡಿಲೇಡಿನ ಸ್ಯಾಲಿಸ್‌ಬರಿಯ ಒಬ್ಬ ಹುಡುಗನ ಫೋಟೋ ಬಂತು, ಹೊಸ ಶೂ ಎತ್ತಿ ಹಿಡಿದು ನಗುತ್ತಿದ್ದ. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಆ ಹುಡುಗ ಅಮೆರಿಕದಿಂದ ಬರಿಗೈಯಲ್ಲಿ ವಾಪಸು ಬಂದು, ಸ್ಯಾಲಿಸ್‌ಬರಿಯ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಲು ಶುರುಮಾಡಿ ಆಗಲೇ ಎಂಟು ತಿಂಗಳಾಗಿತ್ತು. ನನ್ನ ಸ್ವಂತ ಅಣ್ಣ ಅಲ್ಲಿಯೇ ಎರಡು ಬೀದಿ ಆಚೆ ಇದ್ದಾನೆ. ಒಂದು ಫೋನ್ ಮಾಡಿದ್ದರೆ ಸಾಕಿತ್ತು, ನಾನು ಮಾಡಲಿಲ್ಲ.

ಕೊನೆಗೆ ಪ್ರಶ್ನೆಗಳುಂಟೇ ಎಂದ. ಹಿಂದಿನ ಸಾಲಿನಿಂದ ಆಂಟಿ ಎದ್ದು ನಿಂತು, ಮೊದಲು ನಮ್ಮತ್ತ ತಿರುಗಿ ಕನ್ನಡದಲ್ಲಿ ಕೇಳಿದರು.

"ಈ ಮಕ್ಕಳು ಹೋಗುದು ಯಾವ ವೀಸಾದಲ್ಲಿ?"

ವೀಸಾ ಎಂದರೆ ಈ ದೇಶದಲ್ಲಿ ನಮ್ಮ ಜಾತಕವಿದ್ದ ಹಾಗೆ. ಹೊಸಬರು ಸಿಕ್ಕರೆ ಹೆಸರು ಕೇಳಿದ ಮರುಕ್ಷಣ "ಯಾವ ವೀಸಾದಲ್ಲಿ ಬಂದ್ರಿ?" ಎನ್ನುವವರು ನಾವು. ವೀಸಾಗಳ ಸಬ್‌ಕ್ಲಾಸ್ ನಂಬರುಗಳನ್ನು ಮಗ್ಗಿಯ ಹಾಗೆ ಒಪ್ಪಿಸುವವರು. ಯಾವುದರಲ್ಲಿ ವಾರಕ್ಕೆ ಎಷ್ಟು ಗಂಟೆ ದುಡಿಯಬಹುದು, ಯಾವುದರಲ್ಲಿ ಹೆಂಡತಿ ಕೆಲಸಕ್ಕೆ ಹೋಗಬಹುದು, ಎಲ್ಲ ಬಾಯಿಪಾಠ. ಅಂಥ ನಮ್ಮಲ್ಲಿ ಒಬ್ಬರಿಗೂ, ನಮ್ಮದೇ ಮಕ್ಕಳ ವಿಷಯದಲ್ಲಿ, ಅದನ್ನು ಕೇಳಬೇಕೆಂದು ತೋಚಿರಲಿಲ್ಲ.

ಆಂಟಿ ಅದನ್ನೇ ಇಂಗ್ಲಿಷಿನಲ್ಲಿ ಕೇಳಿದರು. "ಸ್ಟೂಡೆಂಟ್ ವೀಸಾ" ಎಂದ ಏಜೆಂಟ್. ಆ ವೀಸಾದಲ್ಲಿ ಜಾಹೀರಾತಿನ ಹಣ ತೆಗೆದುಕೊಳ್ಳಬಹುದೇ ಎಂದು ಆಂಟಿ ಕೇಳಿದರು. ಅವನು ನಕ್ಕು, ಅದಕ್ಕೆಲ್ಲ ದಾರಿಗಳಿವೆ, ನಮ್ಮ ಲಾಯರುಗಳು ನೋಡಿಕೊಳ್ಳುತ್ತಾರೆ ಎಂದ. "ಹೌದೋ ಅಲ್ಲವೋ?" ಎಂದರು ಆಂಟಿ. ಅವನು ಗಡಿಯಾರ ನೋಡಿಕೊಂಡು ಮುಂದಿನ ಪ್ರಶ್ನೆ ಕೇಳಿದ.

ಏಜೆಂಟನಿಗೆ ಒಪ್ಪಿಗೆ ಕೊಟ್ಟು, ಮನೆಯಲ್ಲಿ ಆಗಲೇ ಹಬ್ಬ ಶುರುವಾಗಿತ್ತು. ಜರ್ಸಿ ನಂಬರು ಬರೆಸಿದ ಕೇಕಿಗೆ ಆರ್ಡರ್ ಹೋಗಿತ್ತು, ವಾಟ್ಸಾಪ್ ಗುಂಪುಗಳಲ್ಲಿ ಅಭಿನಂದನೆಗಳು ಬಂದಾಗಿದ್ದವು. ಭವನದಿಂದ ಹೊರಗೆ ಬಂದವಳೇ ಪಾರ್ಕಿಂಗಿನಲ್ಲಿ ಆಂಟಿಯನ್ನು ಅಡ್ಡಗಟ್ಟಿದೆ.

"ನಿಮ್ಮ ಮೊಮ್ಮಗಳು ಸೆಲೆಕ್ಟ್ ಆಗ್ಲಿಲ್ಲ ಅಂತ ನನ್ನ ಮಗಳ ಕಾಲೆಳೀಬೇಡಿ ಆಂಟಿ. ನಿಮ್ಮ ಕಣ್ಣು ಅವಳ ಮೇಲೆ ಬೀಳೋದು ಬೇಡ."

ಐದಾರು ಜನರ ಎದುರಿಗೇ ಅಂದೆ. ಆಂಟಿ ಕಾರಿನ ಬಾಗಿಲು ಹಿಡಿದು ಒಂದು ಗಳಿಗೆ ನಿಂತರು. ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. "ಆಯ್ತು ಮಾರಾಯ್ತಿ" ಎಂದಷ್ಟೇ ಹೇಳಿ ಹೋದರು. ಮುಂದಿನ ಶನಿವಾರ ಎಂದಿನಂತೆ ಮೇಜಿನ ಹಿಂದೆ ಕೂತಿದ್ದರು. ನನ್ನ ಮಗಳು ಹಾಕಿದ ಒಂದೊಂದು ಬಾಸ್ಕೆಟನ್ನೂ ಬರೆದುಕೊಂಡರು.

ಜುಲೈಯಲ್ಲಿ ಮಗಳು ಹೊರಟಳು, ಜನವರಿಗೆ ಕಾಲೇಜು ಸೇರಿದಳು. ಅಲ್ಲಿ ಜೊತೆಯ ಅಮೆರಿಕನ್ ಹುಡುಗಿಯರು ಕಾರುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನನ್ನ ಮಗಳಿಗೆ ಕಾಲೇಜಿನ ಕಚೇರಿಯವರು ಮೊದಲ ವಾರವೇ ತಿಳಿಸಿದರು, ನಿನ್ನ ವೀಸಾದಲ್ಲಿ ಒಂದು ಕಾಸೂ ಮುಟ್ಟುವಂತಿಲ್ಲ ಎಂದು. ಲಾಯರುಗಳ ಸುದ್ದಿಯೇ ಇಲ್ಲ. ಏಜೆಂಟ್ ತನ್ನ ಫೀಸು ಎಣಿಸಿಕೊಂಡಾಗಿತ್ತು, ಫೋನ್ ಎತ್ತುವುದನ್ನು ನಿಲ್ಲಿಸಿದ. ಎರಡನೆಯ ಸೀಸನ್ನಿಗೆ ಕೋಚು ಇನ್ನೊಂದು ಕಾಲೇಜಿಗೆ ಹಾರಿದ. ಹೊಸಬ ತನ್ನ ಆಟಗಾರ್ತಿಯರನ್ನೇ ಕರೆತಂದ. ಹೀಗೆ ಮೂಗಿಗೆ ತುಪ್ಪ ಸವರಿ ಕರೆಸಿಕೊಂಡವರು ಬೇಡವಾದಾಗ, ಸ್ಕಾಲರ್‌ಶಿಪ್ ನಿಲ್ಲಿಸಿದ್ದೇವೆಂದು ಒಂದು ಇಮೇಲಿನಲ್ಲಿ ಕೈತೊಳೆದುಕೊಂಡರು. ನಾಲ್ಕು ತಿಂಗಳ ಆ ಸರ್ಟಿಫಿಕೇಟನ್ನು ಇಲ್ಲಿಯ ಯೂನಿವರ್ಸಿಟಿಗಳು ಮೂಸಿಯೂ ನೋಡಲಿಲ್ಲ. ಮಾರುಕಟ್ಟೆಯಲ್ಲಿ ತರಕಾರಿ ಆರಿಸುವವರೂ ಕೊಳೆತದ್ದನ್ನು ಇಷ್ಟು ಸಲೀಸಾಗಿ ಎಸೆಯುವುದಿಲ್ಲ, ನನ್ನ ಮಗಳು ಕೊಳೆತವಳೂ ಆಗಿರಲಿಲ್ಲ.

ಹತ್ತೊಂಬತ್ತಕ್ಕೆ ವಾಪಸು ಬಂದವಳು ರೂಮಿನ ಬಾಗಿಲು ಹಾಕಿಕೊಂಡಳು. ನಾವು ದೇವಸ್ಥಾನಕ್ಕೆ ಹೋಗುವುದನ್ನೂ ಬಿಟ್ಟೆವು, ಯಾರಾದರೂ ಕೇಳುತ್ತಾರೆಂದು. ಆಂಟಿ ಅಷ್ಟರಲ್ಲಿ ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಮಗನ ಮನೆ ಸೇರಿದ್ದರು, ಕಿಡ್ನಿಯ ತೊಂದರೆಯಿಂದ. ಸುದ್ದಿ ಹೇಗೋ ತಲುಪಿ ಅವರೇ ಫೋನ್ ಮಾಡಿದರು.

"ನಾನು ಹೇಳಿದ್ದೆ. ಇದು ಒಂದು ಸಲ ಹೇಳ್ತೇನೆ, ಇನ್ನು ಹೇಳುದಿಲ್ಲ. ಈಗ ಫೋನು ಅವಳಿಗೆ ಕೊಡು."

ಮುಂದೆ ಒಂದೂವರೆ ವರ್ಷ ವಾರಕ್ಕೆ ಮೂರು ದಿನ ಅವರ ಫೋನ್. ಅಲ್ಲಿ ಡಯಾಲಿಸಿಸ್ ಕುರ್ಚಿಯಲ್ಲಿ ಕೂತು, ಇಲ್ಲಿ ನನ್ನ ಮಗಳನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದರು. ಟೇಫ್ ಎಂಬ ಸರಕಾರಿ ವೃತ್ತಿಶಿಕ್ಷಣ ಕಾಲೇಜಿನಲ್ಲಿ ಹನ್ನೆರಡನೆಯ ತರಗತಿಗೆ ಸಮನಾದ ಕೋರ್ಸಿದೆ ಎಂದು ಹುಡುಕಿದವರು ಅವರು, ಅರ್ಜಿ ತುಂಬಿಸಿದವರು ಅವರು, "ಚಾಪ್ಟರ್ ಓದಿ ಹೇಳು, ನನಗೂ ಇಲ್ಲಿ ನಾಲ್ಕು ಗಂಟೆ ಕೆಲಸ ಇಲ್ಲ" ಎಂದು ಬಯಾಲಜಿ ಒಪ್ಪಿಸಿಕೊಂಡವರು ಅವರು. ಮಗಳು ಇಂಗ್ಲಿಷಿನಲ್ಲಿ, ಆಂಟಿ ಕನ್ನಡದಲ್ಲಿ. ಆ ಬಾಗಿಲಿನ ಹಿಂದೆ ನಗು ಕೇಳಿದ ದಿನ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಮಗಳು ಪಾಸಾದ ಸಂಜೆ ಧೈರ್ಯ ಮಾಡಿ ಆಂಟಿಗೆ ಹೇಳಿದೆ. "ಅವತ್ತು ಪಾರ್ಕಿಂಗಲ್ಲಿ ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ಕ್ಷಮಿಸ್ಬಿಡಿ ಆಂಟಿ."

"ನನ್ನ ಹತ್ರ ಎಂತಕ್ಕೆ ಕೇಳ್ತೀ? ಮಗಳ ಹತ್ರ ಕೇಳಿದ್ದೀಯಾ?"

ಕೇಳಿರಲಿಲ್ಲ. "ಕೇಳ್ತೀನಿ" ಎಂದೆ. ಇವತ್ತು ನಾಳೆ ಎಂದು ತಳ್ಳುತ್ತಲೇ ಹೋದೆ. ಏಜೆಂಟನನ್ನು ಬೈಯುವುದು ಸುಲಭ, ಅದನ್ನು ದಿನವೂ ಮಾಡುತ್ತಿದ್ದೆ. ಆರು ವಾರಕ್ಕೆ ಆಂಟಿ ತೀರಿಹೋದರೆಂದು ಅವರ ಮಗನ ಫೋನ್ ಬಂತು.

ನಾನೂ ಮಗಳೂ ಬ್ರಿಸ್ಬೇನಿಗೆ ಹೋದೆವು. ಶವಸಂಸ್ಕಾರದ ಬಲಿಪೂಜೆಗೆ ಇನ್ನೂ ಹೊತ್ತಿತ್ತು. ಚರ್ಚಿನ ಹೊರಗಿನ ಬೆಂಚಿನ ಮೇಲೆ ಮಗಳ ಪಕ್ಕ ಕೂತು ಕೊನೆಗೂ ಅಂದೆ, "ನಿನ್ನ ಸ್ಕೂಲ್ ಬಿಡಿಸಿ ಕಳಿಸ್ಬಾರದಿತ್ತು ಕಣೆ. ತಪ್ಪಾಯ್ತು."

ಅವಳು ಚರ್ಚಿನ ಬಾಗಿಲಿನ ಕಡೆ ನೋಡಿಕೊಂಡೇ ಅಂದಳು.

"ಯು ನೆವರ್ ಆಸ್ಕ್ಡ್ ಮಿ, ಅಮ್ಮಾ. ಹೋಗೋಕೆ ಇಷ್ಟ ಇದ್ಯಾ ಅಂತ. ಆಂಟಿ ಡಿಡ್. ಮೀಟಿಂಗ್ ಹಿಂದಿನ ದಿನ."

"ನೀನೇನಂದೆ?"

"ಐ ಸೆಡ್ ನೋ. ಬಟ್ ನೀವು ಕೇಕ್ ಆರ್ಡರ್ ಮಾಡಿದ್ರಿ, ಎಲ್ರಿಗೂ ಹೇಳಿದ್ರಿ. ಡೋಂಟ್ ಟೆಲ್ ಅಮ್ಮ ಅಂತ ಆಂಟಿ ಹತ್ರ ಪ್ರಾಮಿಸ್ ತಗೊಂಡಿದ್ದೆ."

ಅವಳ ಗುಟ್ಟು ಬಿಟ್ಟುಕೊಡದೆ ಅವಳನ್ನು ಉಳಿಸಲು ಆಂಟಿಗೆ ಸಿಕ್ಕ ದಾರಿ ಆ ಒಂದು ಪ್ರಶ್ನೆ ಮಾತ್ರ. ಪಾರ್ಕಿಂಗಿನಲ್ಲಿ ನಾನು ಅಷ್ಟೆಲ್ಲ ಅಂದಾಗ, "ನಿನ್ನ ಮಗಳಿಗೇ ಇಷ್ಟವಿಲ್ಲ" ಎಂದಿದ್ದರೆ ನನ್ನ ಬಾಯಿ ಅಲ್ಲಿಯೇ ಮುಚ್ಚುತ್ತಿತ್ತು. ಹದಿನೇಳರ ಹುಡುಗಿಗೆ ಕೊಟ್ಟ ಮಾತಿಗಾಗಿ ಅವರು ನನ್ನ ಕೊಳಕು ಮಾತನ್ನು ನುಂಗಿಕೊಂಡು ಮನೆಗೆ ಹೋದರು.

ಆಂಟಿಯ ಮಗ ಹೊರಗೆ ಬಂದು, ಶವಪೆಟ್ಟಿಗೆಗೆ ಹೆಗಲು ಕೊಡಲು ಒಬ್ಬರು ಕಡಿಮೆಯಾಗಿದ್ದಾರೆ, ನೀನು ಬರುತ್ತೀಯಾ ಎಂದು ನನ್ನ ಮಗಳನ್ನು ಕೇಳಿದ. ಹೋಗಲೇ ಎಂದು ಅವಳು ನನ್ನ ಮುಖ ನೋಡಲಿಲ್ಲ. ಎದ್ದು ಹೋದಳು.