ಬೇಗ ಮಾಡಿದ ಕೆಲಸದ ಬೆಲೆ

ರಾಯದುರ್ಗದ ಜೀನ್ಸ್ ಯೂನಿಟ್ಟಿನ ಆಫೀಸ್ ಕೆಲಸ ಬಿಟ್ಟ ವಾರವೇ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿಕೊಂಡೆ: ‘ನಿಮ್ಮ ವ್ಯಾಪಾರಕ್ಕೆ ಬೇಕಾದ ಮೊಬೈಲ್ ಆ್ಯಪ್, ಒಂದೇ ವಾರದಲ್ಲಿ.’ ಬೆಲೆ ಹಾಕಲಿಲ್ಲ. ಎಷ್ಟು ಹಾಕಬೇಕೆಂದೇ ತಿಳಿದಿರಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದವಳಿಗೆ ಪೀಸ್ ರೇಟು ಗೊತ್ತು, ತಿಂಗಳ ಸಂಬಳ ಗೊತ್ತು. ಮದುವೆಯಾಗಿ ಈ ಊರಿಗೆ ಬಂದ ಮೇಲೆ, ಸಿದ್ಧ ಭಾಗಗಳನ್ನು ಜೋಡಿಸಿ ಬೇಗ ಆ್ಯಪ್ ಕಟ್ಟುವುದನ್ನು ವಿಡಿಯೊ ನೋಡಿ ಕಲಿತಿದ್ದೆ, ಅಷ್ಟೆ.

ಯಾರಾದರೂ ಕರೆದರೇ ಎಂದು ಅನ್ನಕ್ಕಿಟ್ಟು ಫೋನ್ ನೋಡುವುದು, ಬಟ್ಟೆ ಹರವುತ್ತ ನೋಡುವುದು. ಜೀನ್ಸ್ ತೊಳೆಯುವ ವಾಷಿಂಗ್ ಯೂನಿಟ್ಟಿಗೆ ಕೆಲಸಕ್ಕೆ ಹೋಗುವ ನನ್ನ ಗಂಡ ಕೇಳಿದರು, “ಯಾಕ, ಒಂದ್ ಕಡೆ ಕೂಡಾಕ ಆಗವಲ್ದೇನು?”

ಮೊದಲು ಕರೆದವರು ನನ್ನ ಹಳೆಯ ಮಾಲೀಕರೇ. ಮನೆಯಲ್ಲಿ ಹೊಲಿಯಲು ಕತ್ತರಿಸಿದ ಬಟ್ಟೆಯ ಬಂಡಲ್ ಒಯ್ಯುವ ಹೆಂಗಸರಲ್ಲಿ ಯಾರ ಬಳಿ ಎಷ್ಟಿದೆ ಎಂದು ಫೋನಿನಲ್ಲೇ ಕಾಣಬೇಕಿತ್ತು.

“ಎಷ್ಟಾಗತೈತ್ರಿ?”

ಅರ್ಧ ತಿಂಗಳ ಸಂಬಳದಷ್ಟು ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ “ಆಯ್ತ್ರಿ” ಅಂದರು. ಕಡಿಮೆ ಹೇಳಿದೆನೆಂದು ಆಗಲೇ ತಿಳಿಯಿತು.

ಹುಮ್ಮಸ್ಸಿನಲ್ಲಿ ಮೂರೇ ದಿನಕ್ಕೆ ಮುಗಿಸಿ ಒಯ್ದೆ. ಅವರು ಒತ್ತಿ ಒತ್ತಿ ನೋಡಿ, ಮೆಚ್ಚಿ, ಆಮೇಲೆ ಹೇಳಿದರು: “ವಾರ ಅಂದಿದ್ರಿ. ಮೂರ್ ದಿನದಾಗ ಆಗೇತಿ. ಮತ್ತ ರೊಕ್ಕಾನೂ ಅರ್ಧ ತಗೊಳ್ರಿ.”

ಕೊಟ್ಟಷ್ಟನ್ನೇ ತೆಗೆದುಕೊಂಡು ಬಂದೆ. ಮುಂದೆ ತಿಂಗಳಿಡೀ ಅವರದು ಫೋನು: ಇನ್ನೊಂದು ಬಟನ್ ಹಾಕ್ರಿ, ತೆಲುಗಿನಾಗೂ ಬರ್ಲಿ. ಎಲ್ಲ ಪುಕ್ಕಟೆ.

ಅದೇ ಕುದಿಯಲ್ಲಿದ್ದಾಗ ನನ್ನ ತವರಿನ ಕಡೆಯಿಂದ, ಮಡಕಶಿರದ ಹತ್ತಿರ ಹಿಪ್ಪುನೇರಳೆ ಸಸಿ ಮಾರುವ ದೂರದ ಮಾವನೊಬ್ಬ ಕರೆದ. ಬಸ್ಸಿನಲ್ಲಿ ಬೆಲೆಯನ್ನು ಮೆಲ್ಲಗೆ ಹೇಳಿ ಹೇಳಿ ಅಭ್ಯಾಸ ಮಾಡಿದೆ. ಪಕ್ಕದ ಹೆಂಗಸು “ಏಮಮ್ಮಾ?” ಎಂದು ತಿರುಗಿದಾಗ ನಾಚಿಕೆಯಾಯಿತು.

ಮಾವನಿಗೆ ಆರ್ಡರು, ಅಡ್ವಾನ್ಸು, ಸಸಿಯ ಫೋಟೊ, ರೈತರಿಗೆ ಮೆಸೇಜು ಎಲ್ಲವೂ ಬೇಕಿತ್ತು. ಪೂರ್ತಿ ತಿಂಗಳ ಸಂಬಳ ಹೇಳಿದೆ.

“ಅಷ್ಟೊಂದಾ? ವಾರದ ಕೆಲ್ಸ ಅಂತೀಯ. ಆಗಕ್ಕಿಲ್ಲ ಕಣಮ್ಮ.”

‘ಅರ್ಧ ಕೊಡಿ’ ಎನ್ನುವುದು ನಾಲಿಗೆಯ ತುದಿಗೆ ಬಂತು. ಕೂರಲಾಗದೆ ಎದ್ದು ಸಸಿಯ ಸಾಲುಗಳ ನಡುವೆ ಒಂದು ಸುತ್ತು ಹಾಕಿದೆ.

“ಬೆಲೆ ಕಮ್ಮಿ ಮಾಡಕ್ಕಾಗಲ್ಲ ಮಾವ. ಕೆಲ್ಸ ಕಮ್ಮಿ ಮಾಡ್ಬೋದು. ಇದ್ರಾಗೆ ಯಾವ್ದು ಇಲ್ದಿದ್ರೆ ನಡೀತೈತೆ?”

ಮಾವ ತಲೆ ಕೆರೆದುಕೊಂಡ. “ಫೋಟೊ ಬ್ಯಾಡ. ಮೆಸೇಜೂ ಬ್ಯಾಡ ಬಿಡು.”

“ಹಂಗಾರೆ ಅರ್ಧ. ಕೆಟ್ಟೋದ್ರೆ ಸುಮ್ನೆ ರಿಪೇರಿ ಮಾಡ್ಕೊಡ್ತೀನಿ. ಹೊಸದೇನಾರ ಕೇಳಿದ್ರೆ ಬ್ಯಾರೆ ದುಡ್ಡು.”

“ವ್ಯಾಪಾರ ಕಲ್ತಿದೀಯ ಬಿಡಮ್ಮ,” ಎಂದು ನಕ್ಕು, ಅಡ್ವಾನ್ಸ್ ಎಣಿಸಿ ಕೊಟ್ಟ. ಒಂದು ರೇಷ್ಮೆ ಬೆಳೆ ಕಳೆಯುವಷ್ಟರಲ್ಲಿ ಮೆಸೇಜೂ ಬೇಕೆಂದು ತಾನೇ ಕರೆದ, ಬೇರೆ ದುಡ್ಡನ್ನೂ ಕೊಟ್ಟ.

ಹಳೆಯ ಮಾಲೀಕರು ಮತ್ತೇನೋ ಸೇರಿಸಲು ಕರೆದಾಗ ಅವರಿಗೂ ಅದೇ ಕರಾರು ಹೇಳಿದೆ. “ನೋಡ್ತೀನ್ರಿ” ಎಂದು ಫೋನಿಟ್ಟವರು ಮತ್ತೆ ಮಾಡಲಿಲ್ಲ. ತಪ್ಪು ಮಾಡಿದೆನೇನೋ ಎಂದು ವಾರಗಟ್ಟಲೆ ತಳಮಳಿಸಿದೆ. ಆಮೇಲೆ ಗುಡಿಬಂಡೆಯಿಂದ ಬೋರ್‌ವೆಲ್ ಮೋಟಾರ್ ರಿಪೇರಿಯವರೊಬ್ಬರು, ಮಾವನ ಆ್ಯಪ್ ನೋಡಿ ಕರೆದರು. ಸ್ಟೇಟಸ್‌ನಲ್ಲಿ ಬೆಲೆ ಬರೆದು ಹಾಕಿ, ಅವರ ಊರಿಗೆ ಹೊರಟೆ.