ಕೌದಿ ಹಾಸಿಕೊಂಡು ಕಡಲಿಗೆ

ಸೋಮವಾರ, ೧೭ ನವೆಂಬರ್ ೧೯೫೮, ಬೆಳಗಿನ ಆರು ಗಂಟೆ ಹತ್ತು ನಿಮಿಷ. ಕುಲಗೋಡದಿಂದ ಗೋಕಾಕಕ್ಕೆ ಹೋಗುವ ಮೊದಲ ಬಸ್ಸಿನಲ್ಲಿ, ಡ್ರೈವರನ ಹಿಂದಿನ ಸೀಟಿನ ಮೇಲೆ, ನಾಲ್ಕು ಮಡಿಕೆ ಮಾಡಿದ ಕೌದಿ ಹಾಸಿಕೊಂಡು ಅವ್ವ ಕುಳಿತಳು. ನನ್ನ ದಿನಚರಿಯಲ್ಲಿ ನಮ್ಮ ಪ್ರವಾಸ ಶುರುವಾಗುವುದು ಇಲ್ಲಿಂದ.

ಆಗ ನನಗೆ ಇಪ್ಪತ್ತು ವರ್ಷ. ಮೂಡಲಗಿಯ ಒಂದು ಬೆಲ್ಲದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬೆಲ್ಲದ ಸುಗ್ಗಿ ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಮಾಲೀಕರು ರಜೆ ಕೊಟ್ಟರು. ಕೂಡಿಸಿಟ್ಟಿದ್ದ ನಲವತ್ತೈದು ರೂಪಾಯಿ ಕೈಯಲ್ಲಿತ್ತು. ಅವ್ವ ಎರಡು ವರ್ಷದ ಹಿಂದೆ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದಳು. ಬಸ್ಸಿನಲ್ಲಿ ಒಂದೂವರೆ ತಾಸಿಗಿಂತ ಹೆಚ್ಚು ಕುಳಿತರೆ ಎಡಗಾಲು ಜೋಮು ಹಿಡಿಯುತ್ತಿತ್ತು. ಗೋಕಾಕ ಫಾಲ್ಸ್ ದಾಟಿ ಆಕೆ ಎಲ್ಲಿಗೂ ಹೋದವಳಲ್ಲ. ಊರು ಬಿಟ್ಟದ್ದು ಯಾರದೋ ಲಗ್ನಕ್ಕೆ, ಬಾಣಂತನಕ್ಕೆ, ಇಲ್ಲವೇ ಸಾವಿಗೆ. ಆಕೆ ಬಾಯಿಬಿಟ್ಟು ಬೇಡಿದ್ದು ಒಂದೇ: ಒಮ್ಮೆ ಸಮುದ್ರ ನೋಡಬೇಕು.

ಅಪ್ಪ ಬೇಡವೆನ್ನಲಿಲ್ಲ. ಆದರೆ ಗಡುವು ಹಾಕಿದ. "ಹುಣ್ಣಿಮಿ ದಿನ ಕಬ್ಬಿನ ಗಾಣ ಹೂಡ್ತೇವಿ. ಹನ್ನೆರಡ ಆಳಿನ ಅಡಗಿ ಐತಿ. ಅಷ್ಟರಾಗ ನಿಮ್ಮವ್ವ ಒಲಿ ಮುಂದ ಇರಬೇಕ ನೋಡು. ಆಮ್ಯಾಲ ಈ ವರ್ಷ ಹೋಗೂದು ಆಗಂಗಿಲ್ಲ. ಮುಂದಿನ ವರ್ಷಕ್ಕ ಆಕಿ ಸೊಂಟ ಹೆಂಗ ಇರತೈತೋ ಯಾರಿಗ್ಗೊತ್ತು."

ಹುಣ್ಣಿಮೆ ಇಪ್ಪತ್ತಾರಕ್ಕೆ ಇತ್ತು. ನಮ್ಮ ಕೈಯಲ್ಲಿ ಒಂಬತ್ತು ದಿನ.

ನನ್ನ ಲೆಕ್ಕವೆಲ್ಲ ಅವ್ವನ ಸೊಂಟದ ಸುತ್ತ ಇತ್ತು. ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲಿ ಕೂಡಬಾರದು. ಕುಲುಕು ಅಲ್ಲೇ ಹೆಚ್ಚು. ಬಿಸಿಲು ಏರುವ ಮೊದಲೇ ಊರು ಮುಟ್ಟಬೇಕು. ನಲವತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಗಡಿಗೆ ಉಪ್ಪಿನಕಾಯಿ ಜೊತೆಗಿದ್ದರೆ ಖಾನಾವಳಿಯ ಗೊಡವೆ ಇಲ್ಲ. ರಾತ್ರಿ ಬೀಗರ ಮನೆ, ನೆಂಟರ ಮನೆ. ಗೋಕಾಕದಲ್ಲಿ ಒಂದು ರಾತ್ರಿ, ಹುಕ್ಕೇರಿಯಲ್ಲಿ ಒಂದು ರಾತ್ರಿ, ಆಮೇಲೆ ಸಂಕೇಶ್ವರದಿಂದ ಘಾಟಿ ಇಳಿದು ಕಡಲ ದಂಡೆಯ ವೆಂಗುರ್ಲಾ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು.

ಬಸ್ಸು ಹತ್ತುವಾಗಲೇ ಬಾಜೂ ಮನೆಯಾಕೆ ಓಡಿಬಂದಳು. "ಯಕ್ಕಾ, ಇಷ್ಟ ಮುಂಜಾನೆದ್ದ ಹೊಂಟೀರಿ, ಯಾರ ತೀರಿಕೊಂಡ್ರು?"

"ಯಾರೂ ಇಲ್ಲವಾ. ಎಲ್ಲಾರೂ ಗಟ್ಟಿ ಅದಾರ. ನಾವು ಸುಮ್ಮನ ಹೊಂಟೇವಿ."

"ಸುಮ್ಮನ?" ಎಂದು ಆಕೆ ಬಸ್ಸು ಬಿಡುವತನಕ ಕೇಳುತ್ತಲೇ ಇದ್ದಳು.

ನಾನು ಲೆಕ್ಕ ತಪ್ಪಿದ್ದು ಇಲ್ಲಿಯೇ. ಸುಮ್ಮನೆ ಹೊರಟವರನ್ನು ನಮ್ಮ ಸೀಮೆಯಲ್ಲಿ ಯಾರೂ ನಂಬುವುದಿಲ್ಲ. ಗೋಕಾಕದಲ್ಲಿ ದೊಡ್ಡವ್ವನ ಮನೆಯಲ್ಲಿ, ಎಂದರೆ ಅವ್ವನ ಅಕ್ಕನ ಮನೆಯಲ್ಲಿ, ಕೈಕಾಲು ತೊಳೆಯುವುದರೊಳಗೆ ಕಾರಣ ನಿಶ್ಚಯವಾಗಿಬಿಟ್ಟಿತ್ತು: ಲಗ್ನದ ವಯಸ್ಸಿನ ಮಗನನ್ನು ಕರೆದುಕೊಂಡು ತಾಯಿ ಊರೂರು ತಿರುಗುತ್ತಾಳೆಂದರೆ ಕನ್ಯೆ ನೋಡಲಿಕ್ಕೇ ಸೈ. ಆ ಓಣಿಯಲ್ಲಿ ನಾಲ್ಕು ಮನೆಯವರು ನಮ್ಮನ್ನು ಉಪ್ಪಿಟ್ಟಿಗೆ ಕರೆದರು. ಒಂದು ಮನೆಗೆ ಹೋಗಿ ಇನ್ನೊಂದು ಬಿಟ್ಟರೆ ಅವಮಾನ. ಒಂದು ರಾತ್ರಿ ಮೂರಾಯಿತು. ಹೊರಡುವಾಗ ಮುತ್ತೈದೆಯನ್ನು ಬರಿಗೈಲಿ ಕಳಿಸಬಾರದೆಂದು ಪ್ರತಿ ಮನೆಯವರೂ ಅವ್ವನ ಉಡಿ ತುಂಬಿದರು. ಅಕ್ಕಿ, ಉತ್ತತ್ತಿ, ಕುಪ್ಪಸದ ಖಣ, ತೆಂಗಿನಕಾಯಿ. ಹನ್ನೊಂದು ತೆಂಗಿನಕಾಯಿ ಎಂದು ದಿನಚರಿಯಲ್ಲಿದೆ. ಪುಕ್ಕಟೆ ಉಳಿದು ಉಂಡ ನಾವು ಒಂದು ಚೀಲದೊಂದಿಗೆ ಬಂದು ಮೂರು ಚೀಲದೊಂದಿಗೆ ಹೊರಟೆವು.

ಕಂಡಕ್ಟರ್ ಚೀಲ ಎತ್ತಿ ನೋಡಿದ. "ಎಲ್ಲಿಗ್ರಿ ಅವ್ವಾರ?"

"ವೆಂಗುರ್ಲಾಕ್ಕಪಾ."

"ತೆಂಗಿನ ತ್ವಾಟಕ್ಕ ತೆಂಗಿನಕಾಯಿ ಮಾರಾಕ ಹೊಂಟೀರಿ? ದೊಡ್ಡ ವ್ಯಾಪಾರ ಬಿಡ್ರಿ!" ಇಡೀ ಬಸ್ಸು ನಕ್ಕಿತು. ಅವ್ವನೂ ನಕ್ಕಳು. ನಾನು ದಿನ ಎಣಿಸುತ್ತಿದ್ದೆ. ಅಂದು ಗುರುವಾರ, ಇಪ್ಪತ್ತು.

ದೊಡ್ಡವ್ವ ಹೇಳಿದ್ದಳು: "ಹುಕ್ಕೇರ್ಯಾಗ ನನ್ನ ನೆಗೆಣ್ಣಿ ತವರಿನವರು ಅದಾರ. ಕಾಗದ ಹಾಕೇನಿ. ಹಿರೇರೊಬ್ಬರು ಬಸ್‌ಸ್ಟ್ಯಾಂಡಿಗೆ ಬಂದು ಕರಕೊಂಡು ಹೋಗ್ತಾರ." ನಾವು ಅವರನ್ನು ಕಂಡವರಲ್ಲ, ಅವರು ನಮ್ಮನ್ನು ಕಂಡವರಲ್ಲ. ಹುಕ್ಕೇರಿಯಲ್ಲಿ ಇಳಿದಾಗ ಬಿಳಿ ರುಮಾಲಿನ ಹಿರಿಯರೊಬ್ಬರು ಕೈಮುಗಿದುಕೊಂಡೇ ಬಂದರು.

"ಬರ್ರಿ, ಬರ್ರಿ. ತಾಯಿ ಮಗಾ ಇಬ್ಬರ ಬಂದೀರಿ? ಬಸ್ಸಿನ್ಯಾಗ ತ್ರಾಸ ಆಗಲಿಲ್ಲಲ್ರಿ?" ಎಂದು ನಮ್ಮ ಉತ್ತರಕ್ಕೂ ಕಾಯದೆ ದೊಡ್ಡ ಚೀಲ ಎತ್ತಿಕೊಂಡರು.

ಮನೆ ಸಣ್ಣದು, ಬಾಡಿಗೆಯದು. ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಅವ್ವನಿಗೆ ಬೆನ್ನಿಗೆ ಲೋಡು ಕೊಟ್ಟರು. ಮನೆಯ ಯಜಮಾನರು, ಆ ಹಿರಿಯರ ಮಗ, ಸರಕಾರಿ ನೌಕರಿಯವರು, ನನ್ನ ಓದು ಕೇಳಿದರು, ಕೆಲಸ ಕೇಳಿದರು, ಪಗಾರವನ್ನೂ ಕೇಳಿದರು. ನೆಂಟರ ಕಡೆಯವರಲ್ಲವೇ, ಕೇಳಲಿ ಎಂದು ಎಲ್ಲ ಹೇಳಿದೆ. ಎಲೆಗೆ ಬಿಸಿ ಹೋಳಿಗೆ ಬಂತು. ಬಡಿಸಲು ಬಂದ ಮಗಳು ಜರಿಯಂಚಿನ ಸೀರೆ ಉಟ್ಟಿದ್ದಳು. ಬಡಿಸಿ ಮುಗಿದ ಮೇಲೆ ಆಕೆ ನಮ್ಮೆದುರು ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತಳು.

"ಏನರ ಕೇಳ್ರಿ ಹುಡುಗಿಗೆ," ಎಂದರು ಹುಡುಗಿಯ ತಾಯಿ.

ಅವ್ವನಿಗೆ ಅರ್ಥವಾಗಲಿಲ್ಲ. ಏನು ಕೇಳುವುದು? ತಲೆಯಲ್ಲಿದ್ದುದನ್ನೇ ಕೇಳಿದಳು. "ತಂಗೀ, ನೀ ಸಮುದ್ರ ನೋಡೀಯೇನವಾ?"

ಹುಡುಗಿ ತಲೆಯೆತ್ತಿದಳು. "ನೋಡೇನ್ರಿ! ಅಪ್ಪಾರಿಗೆ ಮೊದಲ ವೆಂಗುರ್ಲಾದಾಗ ನೌಕರಿ ಇತ್ತು. ಅಲ್ಲೇ ಐದ ವರ್ಷ ಇದ್ವಿ. ರಾಜ್ಯ ಬ್ಯಾರೆ ಆದಾಗ ಈ ಕಡೆ ಬಂದ್ವಿ."

"ಆಚಿ ದಂಡಿ ಕಾಣಂಗಿಲ್ಲಂತಲ್ಲ, ಖರೆ ಏನ? ನನ್ನ ಸೊಂಟ ಸರಿ ಇಲ್ಲವಾ. ಉಸುಕಿನಾಗ ನಡ್ಯಾಕ ಆಕೈತೇನ?"

ಆಮೇಲೆ ಆ ಹುಡುಗಿಯನ್ನು ಹಿಡಿಯುವವರಿಲ್ಲ. "ಒಣಾ ಉಸುಕಿನಾಗ ನಡೀಬ್ಯಾಡ್ರಿ, ಕಾಲ ಹುಗೀತಾವ, ಸೊಂಟ ಹಿಡೀತೈತಿ. ನೀರ ಇಳದ ಮ್ಯಾಲ ಹಸೀ ಉಸುಕ ನೆಲಾ ಸಾರಿಸಿದಂಗ ಗಟ್ಟಿ ಇರತೈತಿ. ಅದರ ಮ್ಯಾಲ ನಡೀರಿ. ಘಾಟ್ಯಾಗ ಬಸ್ಸು ತಿರುವುವಾಗ ಟವೆಲ್ ಬಿಗಿದು ಸೊಂಟಕ್ಕ ಕಟ್ಟಿಕೊಳ್ರಿ." ನೀರು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂದು ಕೈಯಿಂದ ತೋರಿಸುತ್ತಿದ್ದಳು. ಹಿರಿಯರು ಯಜಮಾನರ ಕಡೆ ನೋಡಿ ತಲೆಯಾಡಿಸಿದರು. ಇಂಥ ಅತ್ತೆ ಸಿಕ್ಕರೆ ಪುಣ್ಯ ಎಂದುಕೊಂಡಿರಬೇಕು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಒಬ್ಬ ತಾಯಿ, ಕೋಟು ಹಾಕಿದ ಮಗ, ಜೊತೆಗೆ ಸೋದರಮಾವ. "ಬಸ್‌ಸ್ಟ್ಯಾಂಡಿಗೆ ಬರತೇನಂದ್ರಿ, ಯಾರೂ ಬರಲಿಲ್ಲ. ಕೇಳಿಕೋತ ಬಂದ್ವಿ. ಹುಡುಗಿ ನೋಡೂದು ಇವತ್ತ ಹೌದಲ್ರಿ?"

ಹಿರಿಯರು ಅವರನ್ನೂ ನೋಡಿದರು, ನಮ್ಮನ್ನೂ ನೋಡಿದರು. "ಹಂಗಾರ ನಾ ಕರಕೊಂಡ ಬಂದದ್ದು ಯಾರನ್ನ?"

ನನ್ನ ಕೈಯಲ್ಲಿನ ಹೋಳಿಗೆ ಎಲೆಗೂ ಬಾಯಿಗೂ ನಡುವೆ ನಿಂತಿತು. ಅವ್ವ ಎಲೆ ಬಿಟ್ಟು ಏಳಲು ಕೈ ಊರಿದಳು. ಮೊದಲು ನಕ್ಕವಳು ಆ ಹುಡುಗಿ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಆಕೆಯ ತಾಯಿ ಬಂದು ಅವ್ವನ ಭುಜ ಹಿಡಿದು ಕೂಡಿಸಿದರು. ತಮ್ಮ ಮಾವನಾದ ಆ ಹಿರಿಯರ ಕಡೆ ತಿರುಗಿ, "ಯಾರನ್ನರ ಕರಕೊಂಡ ಬರ್ರಿ, ಹಸದ ಬಂದವರನ್ನ ಕರಕೊಂಡ ಬಂದೀರಿ. ಎಲಿ ಮ್ಯಾಲಿಂದ ಎಬ್ಬಿಸಬ್ಯಾಡ್ರಿ," ಎಂದರು. "ಉಣ್ರಿ ಅಕ್ಕಾರ. ಅವರು ಕೈಕಾಲ ತೊಳಕೊಳ್ಳಲಿ."

ಹೋಳಿಗೆಯ ಹೂರಣ ಮುಗಿಯುತ್ತ ಬಂದಿತ್ತು. ಬಂದವರಿಗೆ ಸಾಲದು. ಉಂಡವರು ನಾವು. ಅವ್ವ ಕೈ ತೊಳೆದವಳೇ ಅಡುಗೆ ಮನೆಗೆ ಹೋಗಿ ಗೋಡೆಗೆ ಒರಗಿ ಕುಳಿತು ನಮ್ಮ ಚೀಲ ತರಿಸಿದಳು. ಗೋಕಾಕದ ತೆಂಗಿನಕಾಯಿ ಒಂದೊಂದಾಗಿ ಒಡೆದವು. ಕಾಯಿ ತುರಿದು, ಬೆಲ್ಲ ಕೂಡಿಸಿ, ಆ ಇಬ್ಬರು ಹೆಂಗಸರೂ ಮುಕ್ಕಾಲು ತಾಸಿನಲ್ಲಿ ಕಾಯಿ ಹೋಳಿಗೆ ಮಾಡಿ ಮುಗಿಸಿದರು. ನಾನು ತುರಿಮಣೆ ಹಿಡಿದಿದ್ದೆ. ಪಡಸಾಲೆಯ ಮಾತು ಒಳಗೆ ಕೇಳಿಸುತ್ತಿತ್ತು. ಹುಡುಗಿಯನ್ನು ನಡೆಸಿ ನೋಡಿದರು. ಸೂಜಿಗೆ ದಾರ ಪೋಣಿಸಲು ಹೇಳಿದರು. ಜಡೆ ಖರೆಯದೋ ಎಂದು ಮುಟ್ಟಿ ನೋಡಿದರು.

"ಒಂದರ ಚೊಲೋ ಮಾತ ಕೇಳಬಾರದ ಆ ಕೂಸಿಗೆ?" ಎಂದು ಅವ್ವ ಲಟ್ಟಿಸುತ್ತಲೇ ಗೊಣಗಿದಳು. ಹುಡುಗಿಯ ತಾಯಿ ಒಲೆಗೆ ಕಟ್ಟಿಗೆ ಒಟ್ಟಿದರು.

ಬಂದವರು ಕಾಗದ ಬರೆಯುತ್ತೇವೆಂದು ಹೇಳಿ ಹೋದರು. ನಾವು ಹುಡುಕಿಕೊಂಡು ಬಂದವರ ಮನೆಗೆ ಬೀಗ ಬಿದ್ದಿದೆ, ಎಲ್ಲರೂ ಲಗ್ನಕ್ಕೆ ಹೋಗಿದ್ದಾರೆ ಎಂದು ಹಿರಿಯರು ಕೇಳಿಕೊಂಡು ಬಂದರು. ರಾತ್ರಿ ಅಲ್ಲೇ ಉಳಿದೆವು. ಅವ್ವನಿಗೆ ಆ ಮನೆಯ ಒಂದೇ ಮಂಚ ಕೊಟ್ಟರು.

ಬೆಳಿಗ್ಗೆ ಹುಡುಗಿ ಅವ್ವನ ಪಕ್ಕ ಕುಳಿತು ದಾರಿ ಹೇಳಿಕೊಟ್ಟಳು. ಘಾಟಿಯ ಮೇಲೆ ಇಳಿದು, ಸೊಂಟದ ದಣಿವಾರಿಸಿಕೊಂಡು ಮುಂದಿನ ಬಸ್ಸಿಗೆ ಕಾಯಿರಿ. ರಾತ್ರಿ ಸಾವಂತವಾಡಿಯ ಧರ್ಮಶಾಲೆ. ವೆಂಗುರ್ಲಾದಲ್ಲಿ ಬಂದರದ ಓಣಿಗೆ ಹೋಗಿ ತಾವು ಬಾಡಿಗೆಗಿದ್ದ ಮನೆಯ ಅಜ್ಜಿಯನ್ನು ಕೇಳಿರಿ. "ಕಾನಡಿ ಸಾಹೇಬರ ಮಗಳು ಕಳಿಸ್ಯಾಳ ಅಂತ ಹೇಳ್ರಿ ಸಾಕು. ಕನ್ನಡದವರಂತ ಅಪ್ಪಾರಿಗೆ ಅಲ್ಲಿ ಹಂಗ ಅಂತಿದ್ರು." ಆಕೆಯ ತಾಯಿ ಅವ್ವನ ಉಡಿಗೆ ಒಂದು ಖಣ, ಐದು ಅಡಿಕೆ ಮಾತ್ರ ಹಾಕಿದರು. "ಘಾಟಿ ಇಳಿಯಾಕ ಭಾರ ಬ್ಯಾಡ್ರಿ," ಎಂದರು. ನಮ್ಮ ಅಕ್ಕಿ, ಉಳಿದ ಕಾಯಿ, ಎಲ್ಲ ಅವರಲ್ಲೇ ಬಿಟ್ಟು ಒಂದೇ ಚೀಲದೊಂದಿಗೆ ಹೊರಟೆವು.

ಬಸ್ಸಿನಲ್ಲಿ ಅವ್ವ, "ಖರೆ ಅಂದ್ರ ಆ ಹುಡುಗೀನ ನಾವ ನೋಡಾಕ ಹೋಗಬೇಕಾಗಿತ್ತು," ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ.

ಹುಡುಗಿಯ ಮಾತು ಒಂದೂ ಸುಳ್ಳಾಗಲಿಲ್ಲ. ಟವೆಲ್ ಕಟ್ಟಿಕೊಂಡ ಅವ್ವ ಘಾಟಿಯ ಅಷ್ಟೂ ತಿರುವುಗಳನ್ನು ಕಣ್ಣು ಮುಚ್ಚಿ ದಾಟಿದಳು. ಶನಿವಾರ ಮಧ್ಯಾಹ್ನ ಬಂದರದ ಓಣಿಯ ಅಜ್ಜಿ ಆ ಹುಡುಗಿಯ ಮಾತು ತೆಗೆದೊಡನೆ ಬಾಗಿಲು ಪೂರಾ ತೆರೆದಳು. ನಾವು ಮೀನು ತಿನ್ನದವರೆಂದು ತಿಳಿದು ಅಂಗಳದಲ್ಲಿ ಬೇರೆ ಮೂರು ಕಲ್ಲು ಹೂಡಿ, ಹೊಸ ಗಡಿಗೆ ತಂದಿಟ್ಟಳು. ಬಾಡಿಗೆ ಕೇಳಿದರೆ ಬೈದಳು. ನಮ್ಮ ಕಟಕ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಇದು ಹಪ್ಪಳವೋ ರೊಟ್ಟಿಯೋ ಎಂದು ಮರಾಠಿಯಲ್ಲಿ ಕೇಳಿದಳು. ನಾವು ಊರಿಗೆ ಹೊರಡುವಾಗ ಹತ್ತು ರೊಟ್ಟಿ ಇಸಿದುಕೊಂಡಳು. ಆಕೆ ನಮ್ಮಿಂದ ತೆಗೆದುಕೊಂಡದ್ದು ಅಷ್ಟೇ.

ಮೂರು ಗಂಟೆಗೆ ನೀರು ಇಳಿಯಿತು. ಅಜ್ಜಿಯೇ ಕರೆದುಕೊಂಡು ಹೋದಳು. ಹಸಿ ಉಸುಕು ನಿಜವಾಗಿಯೂ ಸಾರಿಸಿದ ನೆಲದಂತಿತ್ತು. ಅವ್ವ ನನ್ನ ಕೈ ಬಿಟ್ಟು ಒಬ್ಬಳೇ ನಡೆದಳು. ತುಂಬ ದೂರ ನಡೆದಳು. ಮಗುಚಿ ಹಾಕಿದ ದೋಣಿಯೊಂದಕ್ಕೆ ಬೆನ್ನು ಕೊಟ್ಟು ಕುಳಿತಾಗ ಸೊಂಟ ನೋಯುತ್ತದೆಯೇ ಎಂದು ಕೇಳಿದೆ.

"ಅದರ ನೆನಪ ತಗೀಬ್ಯಾಡ ಈಗ," ಎಂದಳು. ಹೊತ್ತು ಇಳಿಯುವತನಕ ಅಲ್ಲೇ ನೀರು ನೋಡುತ್ತ ಕುಳಿತಳು. ನೀರು ಮತ್ತೆ ಏರಿ ಅವಳ ಪಾದ ಮುಟ್ಟಿದಾಗ ಬಗ್ಗಿ ಒಂದು ಹನಿ ನಾಲಿಗೆಗೆ ಇಟ್ಟುಕೊಂಡು ಮುಖ ಕಿವುಚಿದಳು, ನಕ್ಕಳು. "ಇಷ್ಟ ನೀರಿಟ್ಟು ಒಂದ ಎಮ್ಮಿಗೆ ಕುಡಿಸಾಕ ಬರಂಗಿಲ್ಲ ನೋಡು."

ಭಾನುವಾರವೂ ಅಲ್ಲೇ ಕಳೆದೆವು. ಹಿಂದಿರುಗುವಾಗ ದಿನ ಉಳಿದಿರಲಿಲ್ಲವಾದ್ದರಿಂದ ಬೆಳಗಾವಿಯ ಕಡೆಯಿಂದ ರೈಲು ಹಿಡಿದು ಇಪ್ಪತ್ತೈದರ ಸಂಜೆ ಊರು ಸೇರಿದೆವು. ಕೈಯಲ್ಲಿ ಹದಿನಾಲ್ಕು ರೂಪಾಯಿ ಉಳಿದಿತ್ತು. ಆದರೆ ಹುಕ್ಕೇರಿ ತಪ್ಪಿಹೋಯಿತು. ಅಷ್ಟು ಉಪಕಾರ ಮಾಡಿದವರ ಹೆಸರನ್ನು ನಾವು ಕೇಳಿಯೇ ಇರಲಿಲ್ಲ. ಮೊದಲು ನೆಂಟರೆಂದುಕೊಂಡು ಕೇಳಲಿಲ್ಲ. ಆಮೇಲೆ ಕೇಳಲು ಬಾಯಿ ಬರಲಿಲ್ಲ. ಎರಡು ವರ್ಷದ ಮೇಲೆ ಹುಡುಕಿಕೊಂಡು ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಮೊದಲಿದ್ದವರಿಗೆ ವರ್ಗವಾಗಿದೆ, ಯಾವ ಊರಿಗೋ ತಿಳಿಯದು ಎಂದರು.

ಹೋದ ವರ್ಷ ನನ್ನ ಲಗ್ನವಾಯಿತು. ಅವ್ವನ ಸೊಂಟ ಈಗ ಬಸ್ಸು ಹತ್ತುವ ಹಾಗಿಲ್ಲ. ಸಮುದ್ರ ನೋಡಿದ್ದು ನಿನ್ನಿಂದ ಎಂದು ಆಕೆ ನನಗೆ ಒಮ್ಮೆಯೂ ಹೇಳಿಲ್ಲ. ಆ ಹುಡುಗಿಯಿಂದ ಎನ್ನುತ್ತಾಳೆ. ಅದು ನಿಜ. ಕೋಟಿನವರು ಕಾಗದ ಬರೆದರೋ, ಆಕೆ ಎಲ್ಲಿಗೆ ಹೋದಳೋ, ಹೋದ ಮನೆಯಲ್ಲಿ ಆಕೆಯ ಮಾತು ಕೇಳುವವರು ಇದ್ದಾರೋ, ಅವ್ವನಿಗೆ ಇದಷ್ಟೂ ಬೇಕು. ೧೯೫೮ರ ಸುಮಾರಿಗೆ ಹುಕ್ಕೇರಿಯಲ್ಲಿ ಬಾಡಿಗೆಗಿದ್ದ, ಅದಕ್ಕೆ ಮೊದಲು ವೆಂಗುರ್ಲಾದಲ್ಲಿ ನೌಕರಿ ಮಾಡಿ ಬಂದ ಆ ಮನೆತನವನ್ನು ಬಲ್ಲವರು ಈ ಪತ್ರಿಕೆಯ ಕಚೇರಿಗೆ ದಯವಿಟ್ಟು ಒಂದು ಕಾರ್ಡು ಬರೆಯಿರಿ. ಆಕೆಯೇ ಇದನ್ನು ಓದಿದರೆ ಇನ್ನೂ ಒಳ್ಳೆಯದು. ಕುಲಗೋಡದಲ್ಲಿ ಒಬ್ಬಾಕೆ ನಿಮ್ಮ ಉಡಿ ತುಂಬಬೇಕೆಂದು ಖಣ ತೆಗೆದಿಟ್ಟಿದ್ದಾಳೆ.